ಕೇಸು ವಜಾ ಆಯ್ತು, ಮುತ್ತಮ್ಮ ಗೆದ್ದರು

ಒಂದು ಸರ್ಕಾರಿ ನಿಯಮ ಹೇಳ್ತೀನಿ, ಕೇಳಿ. ಇಲಾಖೆಯ ಮಹಿಳಾ ಅಧಿಕಾರಿ ಮದುವೆಯಾಗಬೇಕಾದರೆ ಸರ್ಕಾರದ ಲಿಖಿತ ಅನುಮತಿ ಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ಅಡ್ಡಿ ಅಂತ ಸರ್ಕಾರಕ್ಕೆ ಅನ್ನಿಸಿದರೆ ಆಕೆಯಿಂದ ರಾಜೀನಾಮೆ ಕೇಳಬಹುದಿತ್ತು. ಗಂಡಸರಿಗೆ ಈ ಷರತ್ತಿರಲಿಲ್ಲ. ಬ್ರಿಟಿಷರ ಕಾಲದ್ದು ಅಂದುಕೊಂಡ್ರಾ? ಅಲ್ಲ ಸ್ವಾಮಿ, ಸಂವಿಧಾನ ಬಂದಾದ ಮೇಲೆ 1961ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಬರೆದ ನಿಯಮ.

ಇದನ್ನು ಸುಪ್ರೀಂ ಕೋರ್ಟಿಗೆ ಎಳೆದವರು ನಮ್ಮ ಕೊಡಗಿನ ಸಿ.ಬಿ. ಮುತ್ತಮ್ಮ. 1949ರಲ್ಲಿ ಆ ಸೇವೆಗೆ ಸೇರಿದ ಮೊದಲ ಮಹಿಳೆ. ಮೇಲಿನ ದರ್ಜೆಗೆ ಬಡ್ತಿ ಸಿಗದಿದ್ದಾಗ, ಹೆಣ್ಣು ಅನ್ನೋ ಕಾರಣಕ್ಕೇ ತಡೆದಿದ್ದಾರೆ ಅಂತ ಅರ್ಜಿ ಹಾಕಿದರು. ಕೇಸು ನಡೀತಿರುವಾಗಲೇ ಸರ್ಕಾರ ಬಡ್ತಿ ಕೊಟ್ಟುಬಿಟ್ಟಿತು! ಹಾಗಾಗಿ 1979ರಲ್ಲಿ ಅರ್ಜಿ ವಜಾ. ಆದರೆ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಸುಮ್ಮನಿರಲಿಲ್ಲ. ಇಂಥ ನಿಯಮಗಳು ಸಮಾನತೆಗೆ ವಿರುದ್ಧ, ಸೇವಾ ನಿಯಮಗಳನ್ನೆಲ್ಲ ತಿದ್ದಿ ಅಂದರು. ಮುತ್ತಮ್ಮನವರ ಹಿರಿತನವನ್ನೂ ಮರುಪರಿಶೀಲಿಸಲು ಹೇಳಿದರು.

ಇಲ್ಲೊಂದು ವಿಷಯ ಗಮನಿಸಿ. ಮುತ್ತಮ್ಮ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಲು ಸಾಧ್ಯವಾಗಿದ್ದು ಅವರ ಮಾಲೀಕ ಸರ್ಕಾರವೇ ಆಗಿದ್ದರಿಂದ. ಸರ್ಕಾರಿ ಉದ್ಯೋಗದಲ್ಲಿ ಸಮಾನ ಅವಕಾಶ ಕೊಡುವ 16ನೇ ವಿಧಿ ಖಾಸಗಿ ಕಂಪನಿಗೆ ಅನ್ವಯಿಸಲ್ಲ. ಅಲ್ಲಿ ನಿರ್ದಿಷ್ಟ ಕಾಯ್ದೆಯ ಆಸರೆ ಬೇಕು.

ಮೆಕಿನನ್ ಮೆಕೆಂಜಿ ಕಂಪನಿಯ ಮಹಿಳಾ ಸ್ಟೆನೋಗ್ರಾಫರ್ ಒಬ್ಬರು ಹಿಡಿದ ದಾರಿ ಅದೇ. ಗಂಡಸರಷ್ಟೇ ಕೆಲಸ, ಸಂಬಳ ಕಡಿಮೆ. 1976ರ ಸಮಾನ ಸಂಭಾವನೆ ಕಾಯ್ದೆಯಡಿ ದೂರು ಕೊಟ್ಟರು. ಮೊದಲ ಹಂತದಲ್ಲಿ ಸೋಲು, ಮೇಲ್ಮನವಿಯಲ್ಲಿ ಗೆಲುವು, ಆಮೇಲೆ ಹೈಕೋರ್ಟ್, ಸುಪ್ರೀಂ ಕೋರ್ಟ್. ಯೂನಿಯನ್ ಜೊತೆ ಒಪ್ಪಂದ ಆಗಿದೆ ಅಂತ ಕಂಪನಿ ವಾದಿಸಿತು, ಆರ್ಥಿಕ ಸ್ಥಿತಿಯ ಮಾತೂ ಬಂತು. ಕೋರ್ಟ್ ಎರಡನ್ನೂ ಒಪ್ಪಲಿಲ್ಲ. ಆದರೆ ಆಕೆಯ ಕೆಲಸ ಹೋಗಿದ್ದು 1977ರಲ್ಲಿ, ಅಂತಿಮ ತೀರ್ಪು ಬಂದಿದ್ದು 1987ರಲ್ಲಿ. ಹತ್ತು ವರ್ಷ!

ನಾನು ಎಂಜಿನಿಯರಿಂಗ್ ಓದಿದವನು. ಲ್ಯಾಬಿನಲ್ಲಿ ಉಳಿದದ್ದನ್ನೆಲ್ಲ ಹಾಗೇ ಇಟ್ಟು ಒಂದೇ ಅಂಶ ಬದಲಿಸಿ ಫಲಿತಾಂಶ ನೋಡ್ತಿದ್ದೆವು. ಕೋರ್ಟಿನ ಲೆಕ್ಕವೂ ಬಹುಮಟ್ಟಿಗೆ ಅದೇ. ಅದೇ ಕೆಲಸ, ಅದೇ ಹೊಣೆ, ಬದಲಾಗಿದ್ದು ಹೆಣ್ಣು-ಗಂಡು ಅನ್ನೋದು ಮಾತ್ರ. ಸಂಬಳ ಯಾಕೆ ಬದಲಾಯ್ತು? ಸಾಹೇಬರ ಮನಸ್ಸಿನಲ್ಲಿ ಏನಿತ್ತು ಅಂತ ಸಾಬೀತು ಮಾಡೋದು ಕಷ್ಟ. ಹೋಲಿಕೆ ತೋರಿಸೋದು ಅಷ್ಟು ಕಷ್ಟವಲ್ಲ.

ಅದಕ್ಕೇ ಹೇಳೋದು, ನೇಮಕಾತಿ ಪತ್ರ, ಸಂಬಳದ ಚೀಟಿ, ಇಮೇಲ್ ಜೋಪಾನವಾಗಿಡಿ. ಬಡ್ತಿ ತಪ್ಪಿದರೆ ಕಾರಣವನ್ನು ಬರಹದಲ್ಲೇ ಕೇಳಿ. ಕ್ಯಾಂಟೀನಿನಲ್ಲಿ ಆಡಿದ ಮಾತಿಗಿಂತ ಕೈಯಲ್ಲಿರೋ ಒಂದು ಹಾಳೆಗೆ ಕೋರ್ಟಿನಲ್ಲಿ ತೂಕ ಜಾಸ್ತಿ.