ಚೆಲ್ಲಿಬಿಡುತ್ತಿದ್ದ ದ್ರವದಲ್ಲಿ ಕೂಸಿನ ಸುಳಿವು

ರಕ್ತವನ್ನು ನಳಿಗೆಗೆ ಹಾಕಿ ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ರಕ್ತಕೋಶಗಳೆಲ್ಲ ತಳ ಸೇರುತ್ತವೆ, ಮೇಲೆ ತೆಳು ಹಳದಿ ದ್ರವ ನಿಲ್ಲುತ್ತದೆ. ಅದೇ ಪ್ಲಾಸ್ಮಾ. ಡಿಎನ್‌ಎ ಹುಡುಕುವವರು ಕೋಶಗಳನ್ನು ಇಟ್ಟುಕೊಂಡು ಪ್ಲಾಸ್ಮಾವನ್ನು ಚೆಲ್ಲುತ್ತಿದ್ದರು. ಡಿಎನ್‌ಎ ಇರುವುದು ಕೋಶದೊಳಗೆ ತಾನೇ, ಹೊರಗಿನ ನೀರಲ್ಲಿ ಏನಿದ್ದೀತು? ಏನಿತ್ತು ಗೊತ್ತೇ! ಬಸುರಿಯ ಆ ಹಳದಿ ದ್ರವದ ತುಂಬ, ಇನ್ನೂ ಕಣ್ಣು ಬಿಡದ ಕೂಸಿನ ಡಿಎನ್‌ಎ ಚೂರುಗಳು ತೇಲುತ್ತಿದ್ದವು.

ಅದನ್ನು ಕಂಡವರು ಹಾಂಗ್‌ಕಾಂಗಿನ ಡೆನಿಸ್ ಲೋ. 1980ರ ದಶಕದ ಕೊನೆಯಲ್ಲಿ ಆಕ್ಸ್‌ಫರ್ಡಿನಲ್ಲಿ ವೈದ್ಯಕೀಯ ಓದುತ್ತಿದ್ದಾಗಲೇ ಅವರ ತಲೆಗೊಂದು ಹುಳ ಹೊಕ್ಕಿತ್ತು. ಕೂಸಿನ ವರ್ಣತಂತುಗಳನ್ನು ನೋಡಬೇಕಾದರೆ ಆಗ ತಾಯಿಯ ಹೊಟ್ಟೆಗೆ ಉದ್ದನೆಯ ಸೂಜಿ ಚುಚ್ಚಿ ಗರ್ಭನೀರು ತೆಗೆಯಬೇಕಿತ್ತು. ಗರ್ಭ ಇಳಿದುಹೋಗುವ ಅಪಾಯ ಸಣ್ಣದೇ, ಆದರೆ ಸೂಜಿಯ ಕೆಳಗೆ ಮಲಗಿದವಳಿಗೆ ಅದು ಸಣ್ಣದಲ್ಲ. ಕೂಸಿನ ಒಂದೆರಡು ಕೋಶಗಳಾದರೂ ತಾಯಿಯ ರಕ್ತಕ್ಕೆ ಜಾರಿ ಬಂದಿರಬಾರದೇಕೆ? ಲೋ ವೈ ವರ್ಣತಂತುವಿನ ಬೆನ್ನು ಹತ್ತಿದರು. ಹೆಣ್ಣಿನಲ್ಲಿ ವೈ ಇಲ್ಲ. ತಾಯಿಯ ರಕ್ತದಲ್ಲಿ ಅದು ಸಿಕ್ಕಿತೆಂದರೆ ಹೊಟ್ಟೆಯೊಳಗಿನ ಗಂಡುಮಗುವಿನದೇ ಇರಬೇಕು. ವರ್ಷಗಳು ಉರುಳಿದವು. ಆ ಕೋಶಗಳು ಎಷ್ಟು ವಿರಳವೆಂದರೆ ಅವುಗಳನ್ನು ನಂಬಿ ಪರೀಕ್ಷೆ ಕಟ್ಟುವಂತಿರಲಿಲ್ಲ.

1996ರಲ್ಲಿ ‘ನೇಚರ್ ಮೆಡಿಸಿನ್’ ಪತ್ರಿಕೆಯಲ್ಲಿ ಎರಡು ಲೇಖನಗಳು ಬಂದವು: ಕ್ಯಾನ್ಸರ್ ರೋಗಿಗಳ ಪ್ಲಾಸ್ಮಾದಲ್ಲಿ ಗೆಡ್ಡೆಯ ಡಿಎನ್‌ಎ ಇದೆ. ಲೋ ಕೂತಲ್ಲೇ ಎದ್ದಿರಬೇಕು! ಪುಟ್ಟ ಗೆಡ್ಡೆಯೊಂದು ಇಷ್ಟು ಡಿಎನ್‌ಎ ಬಿಡುವುದಾದರೆ, ಹೊಟ್ಟೆಯಲ್ಲಿ ಕಿಲೋಗಟ್ಟಲೆ ಬೆಳೆಯುವ ಕೂಸು ಸುಮ್ಮನಿದ್ದೀತೇ? ಆದರೆ ಪ್ಲಾಸ್ಮಾದಿಂದ ಡಿಎನ್‌ಎ ತೆಗೆಯುವುದು ಹೇಗೆ? ವಿದ್ಯಾರ್ಥಿಯಾಗಿದ್ದಾಗ ಇನ್‌ಸ್ಟಂಟ್ ನೂಡಲ್ಸ್ ಬೇಯಿಸಿಕೊಂಡದ್ದು ಅವರಿಗೆ ನೆನಪಾಯಿತು. ಅದರಂತೆಯೇ ಪ್ಲಾಸ್ಮಾವನ್ನೂ ಐದು ನಿಮಿಷ ಕುದಿಸಿದರು. ಅಷ್ಟೇ!

1997ರ ‘ಲ್ಯಾನ್ಸೆಟ್’ ಲೇಖನದ ಅಂಕಿಗಳನ್ನು ಓದಿದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಗಂಡುಮಗು ಹೊತ್ತ 30 ತಾಯಂದಿರಲ್ಲಿ 24 ಮಂದಿಯ ಪ್ಲಾಸ್ಮಾದಲ್ಲಿ ವೈ! ಹೆಣ್ಣುಮಗು ಹೊತ್ತ 13 ಮಂದಿಯಲ್ಲಿ ಒಬ್ಬರಲ್ಲೂ ಇಲ್ಲ. ಬಳಸಿದ್ದು 10 ಮೈಕ್ರೋಲೀಟರ್, ಒಂದು ಹನಿಗೂ ಕಡಿಮೆ.

ಎರಡು ವರ್ಷದ ಮೇಲೆ ಇನ್ನೊಂದು ಬೆರಗು. ಹೆರಿಗೆಯಾದ ಕೂಡಲೇ ತಾಯಿಯ ರಕ್ತದಲ್ಲಿನ ಕೂಸಿನ ಡಿಎನ್‌ಎ ಸರಾಸರಿ 16 ನಿಮಿಷಕ್ಕೊಮ್ಮೆ ಅರ್ಧರ್ಧವಾಗುತ್ತ ಮಾಯವಾಗುತ್ತದೆ. ಹಾಗಾಗಿ ಮೊದಲ ಮಗುವಿನ ಚೂರು ಎರಡನೆಯ ಬಸಿರಿನ ಲೆಕ್ಕಕ್ಕೆ ಅಡ್ಡ ಬರುವುದೇ ಇಲ್ಲ.

ಇನ್ನು ಡೌನ್ ಸಿಂಡ್ರೋಮ್. 21ನೆಯ ವರ್ಣತಂತು ಎರಡರ ಬದಲು ಮೂರು ಇರುವುದೇ ಅದರ ಮೂಲವೆಂದು 1959ರಲ್ಲಿ ಪ್ಯಾರಿಸ್ಸಿನಲ್ಲಿ ತಿಳಿದಿತ್ತು. ಆದರೆ ತಾಯಿಯ ಪ್ಲಾಸ್ಮಾದಲ್ಲಿ ಹತ್ತು ಚೂರಿಗೆ ಒಂಬತ್ತು ತಾಯಿಯವೇ. 21ನೆಯದು ತಾಯಿಗೂ ಇದೆ. ಬೇರ್ಪಡಿಸುವುದು ಹೇಗೆ? ಬೇರ್ಪಡಿಸಲೇಬೇಡಿ, ಎಣಿಸಿ! 2008ರಲ್ಲಿ ಲೋ ಅವರ ತಂಡವೂ ಸ್ಟ್ಯಾನ್‌ಫರ್ಡಿನ ಸ್ಟೀಫನ್ ಕ್ವೇಕ್ ಅವರ ತಂಡವೂ ಇದನ್ನೇ ಮಾಡಿ ತೋರಿಸಿದವು. ಹತ್ತು ಲಕ್ಷ ಚೂರುಗಳಲ್ಲಿ 21ನೆಯದರ ಪಾಲು 13,000 ಅಂದುಕೊಳ್ಳಿ. ಹತ್ತರಲ್ಲೊಂದು ಪಾಲಿನ ಕೂಸಿನಲ್ಲಿ ಅದು ಮೂರಿದ್ದರೆ ಲೆಕ್ಕ 13,650ರ ಹತ್ತಿರ ಹೋಗುತ್ತದೆ. ಆ 650 ಹೆಚ್ಚುವರಿ ಚೂರುಗಳೇ ಸಾಕ್ಷಿ! 2011ರಲ್ಲಿ ಇದು ಆಸ್ಪತ್ರೆಗಳಿಗೆ ಬಂತು. ಎನ್‌ಐಪಿಟಿ ಎಂದು ಡಾಕ್ಟರು ಬರೆದುಕೊಡುವುದು ಇದನ್ನೇ. ಹತ್ತನೆಯ ವಾರದಿಂದಲೇ, ತೋಳಿನ ರಕ್ತ ಸಾಕು.

ಒಂದು ಮಾತು ಮಾತ್ರ ಡಾಕ್ಟರಿಂದ ಸ್ಪಷ್ಟವಾಗಿ ಕೇಳಿಸಿಕೊಳ್ಳಬೇಕು. ಆ ಚೂರುಗಳು ಹೆಚ್ಚಾಗಿ ಬರುವುದು ಮಾಸಿನಿಂದ. ಮಾಸಿನಲ್ಲಿ ಹೆಚ್ಚುವರಿ ವರ್ಣತಂತು ಇದ್ದು ಕೂಸಿನಲ್ಲಿ ಇಲ್ಲದೇ ಇರಬಹುದು. ವರದಿ ‘ಅಪಾಯ ಹೆಚ್ಚು’ ಎಂದರೆ, ಖಚಿತವಾಗಿ ತಿಳಿಯಲು ಆ ಹಳೆಯ ಸೂಜಿಯೇ ಬೇಕು. ಬಲು ಅಪರೂಪಕ್ಕೆ, ಕೂಸು ನೆಟ್ಟಗಿದ್ದು ಎಣಿಕೆ ಮಾತ್ರ ಅಡ್ಡಾದಿಡ್ಡಿಯಾದಾಗ, ತಾಯಿಗೇ ಗೊತ್ತಿಲ್ಲದ ಕ್ಯಾನ್ಸರ್ ಬಯಲಾದದ್ದೂ ಉಂಟು.

ಬೆಂಗಳೂರಿನ ಲ್ಯಾಬುಗಳಲ್ಲೂ ಈ ಎಣಿಕೆ ನಡೆಯುತ್ತದೆ. ಆದರೆ 1994ರ ಕಾಯ್ದೆಯಿಂದಾಗಿ ಇಲ್ಲಿ ಕೂಸು ಗಂಡೋ ಹೆಣ್ಣೋ ಎಂದು ಬಾಯಿ ಬಿಡುವಂತಿಲ್ಲ. ಯಾವ ವೈ ಈ ವಿದ್ಯೆಗೆ ದಾರಿ ತೋರಿತೋ, ನಮ್ಮ ವರದಿಗಳಲ್ಲಿ ಅದರದೇ ಸುದ್ದಿ ಇಲ್ಲ. ಇರದಿರುವುದೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಹ್ಯಾರಿ ಪಾಟರ್ ವಿಷಯ ಹೇಳದೆ ಬಿಡಲಾರೆ. 2009ರಲ್ಲಿ ಲೋ ಹೆಂಡತಿಯ ಜೊತೆ ಆ ಸಿನಿಮಾ ನೋಡಲು ಕೂತಿದ್ದರು. ತ್ರೀಡಿ ಪರದೆಯಿಂದ ಶೀರ್ಷಿಕೆಯ ‘ಎಚ್’ ಅಕ್ಷರ ತೇಲಿ ಬಂತು. ಅದರ ಎರಡು ನೆಟ್ಟಗೆರೆಗಳು ಇವರಿಗೆ ಜೋಡಿ ವರ್ಣತಂತುಗಳಾಗಿ ಕಂಡವು: ಒಂದು ಅಪ್ಪನದು, ಒಂದು ಅಮ್ಮನದು. ಎರಡನ್ನೂ ಬೇರೆ ಬೇರೆಯಾಗಿ ಬಿಡಿಸಿದರೆ ಕೂಸಿನ ಇಡೀ ಜೀನೋಮನ್ನೇ ಜೋಡಿಸಬಹುದಲ್ಲ! ಮರುವರ್ಷವೇ ಒಂದು ಕೂಸಿನದನ್ನು ಜೋಡಿಸಿಯೂ ಬಿಟ್ಟರು. ಆ ಕೂಸಿನ ಅಪ್ಪ ಅಮ್ಮ ಇಬ್ಬರೂ ಬೀಟಾ ಥಲಸೀಮಿಯಾ ಎಂಬ ಆನುವಂಶಿಕ ರಕ್ತರೋಗದ ವಾಹಕರು. ಕೂಸಿಗೆ ಅಪ್ಪನ ಕಡೆಯ ದೋಷ ಬಂದಿತ್ತು, ಅಮ್ಮನದು ಬಂದಿರಲಿಲ್ಲ.