ನಾಣ್ಯ ಕೊಳ್ಳುವ ಮುನ್ನ ರಾಶಿಯನ್ನು ಅಳೆಯಿರಿ

ಬೀದರ ನಗರದ ಸದ್ಭಕ್ತರೊಬ್ಬರ ಮನೆಯಲ್ಲಿ ಈಚೆಗೆ ನಾವು ಪ್ರಸಾದಕ್ಕೆ ಕುಳಿತಿದ್ದಾಗ ಅವರ ಕಿರಿಯ ಮಗನು ಮೊಬೈಲ್ ಹಿಡಿದು ಬಂದು, "ಕಾಕಾ, ಇದು ಈಗ ಒಂದ್ ಪೈಸಾಕಿಂತ ಕಡಿಮಿ ಅದರೀ. ಒಂದ್ ರೂಪಾಯಿ ಆದ್ರ ಸಾಕು, ಅಕ್ಕನ ಲಗ್ನದ ಖರ್ಚು ಹೊಂಟ್ ಹೋಗ್ತದ" ಎಂದನು. ಅವನು ತೋರಿಸಿದ್ದು ಶಿಬಾ ಇನು ಎಂಬ ಕ್ರಿಪ್ಟೊ ನಾಣ್ಯ. ತಂದೆಯವರು ತಲೆಯೆತ್ತದೆ ಊಟ ಮುಂದುವರಿಸಿದರು. ಮಗಳ ಲಗ್ನಕ್ಕೆಂದು ಬ್ಯಾಂಕಿನಲ್ಲಿಟ್ಟ ಠೇವಣಿಯ ಅವಧಿ ಮುಂದಿನ ತಿಂಗಳೇ ಮುಗಿಯಲಿತ್ತೆಂಬುದು ನಮಗೆ ಆಮೇಲೆ ತಿಳಿಯಿತು.

ಭಾಲ್ಕಿಯಲ್ಲಿಯೂ ಔರಾದಿನಲ್ಲಿಯೂ ಇದೇ ಪ್ರಶ್ನೆ ನಮ್ಮೆದುರು ಬಂದಿದೆ. ಯಾವ ನಾಣ್ಯ ಕೊಳ್ಳಬೇಕು, ಯಾವಾಗ ಕೊಳ್ಳಬೇಕು ಎಂದು ಮಕ್ಕಳು ಕೇಳುತ್ತಾರೆ. ಉತ್ತರ ಹೇಳಬೇಕಾದ ಹಿರಿಯರಿಗೆ ವಿಷಯವೇ ಹೊಸದು. ಆದುದರಿಂದ ತಿಳಿದಷ್ಟನ್ನು ಇಲ್ಲಿ ಬಿಡಿಸಿ ಹೇಳಲು ಯತ್ನಿಸಿದ್ದೇವೆ.

ಈ ಬಗೆಯ ನಾಣ್ಯಗಳಲ್ಲಿ ಮೊದಲನೆಯದಾದ ಬಿಟ್‌ಕಾಯಿನ್ 2009ರಲ್ಲಿ ಹುಟ್ಟಿತು. ಅದರ ಒಟ್ಟು ಸಂಖ್ಯೆ 2.1 ಕೋಟಿಯನ್ನು ಮೀರದಂತೆ ಕಟ್ಟು ಹಾಕಲಾಗಿದೆ. ಅದರ ತರುವಾಯ ಬಂದ ಲೈಟ್‌ಕಾಯಿನ್ (2011), ಡೋಜ್‌ಕಾಯಿನ್ (2013), ಈಥರ್ (2015) ಮೊದಲಾಗಿ ಸಾವಿರಾರು ನಾಣ್ಯಗಳನ್ನು ಒಟ್ಟಾಗಿ ಆಲ್ಟ್‌ಕಾಯಿನ್, ಅಂದರೆ ಪರ್ಯಾಯ ನಾಣ್ಯಗಳು, ಎನ್ನುತ್ತಾರೆ. 2018ರ ಏಪ್ರಿಲ್‌ನಲ್ಲಿ ರಿಸರ್ವ್ ಬ್ಯಾಂಕು ಈ ವ್ಯವಹಾರಕ್ಕೆ ಬ್ಯಾಂಕುಗಳ ಬಾಗಿಲು ಮುಚ್ಚಿಸಿತು. 2020ರ ಮಾರ್ಚ್ 4ರಂದು ಸರ್ವೋಚ್ಚ ನ್ಯಾಯಾಲಯವು ಆ ಸುತ್ತೋಲೆಯನ್ನು ರದ್ದುಪಡಿಸಿತು. ಕೊಳ್ಳುವುದು ಅಪರಾಧವಲ್ಲ, ಆದರೆ ಕೊಂಡದ್ದಕ್ಕೆ ಸರಕಾರದ ಆಶ್ವಾಸನೆಯೇನೂ ಇಲ್ಲ.

ಇನ್ನು ಆಯ್ಕೆಯ ಮಾತು. ಬಿಡಿ ನಾಣ್ಯದ ಬೆಲೆ ಕಡಿಮೆಯಿದ್ದರೆ ಅದು ಅಗ್ಗವೆಂದು ತಿಳಿಯುವುದೇ ಎಲ್ಲರೂ ಮಾಡುವ ಮೊದಲ ತಪ್ಪು. ನಾವು ಆ ಹುಡುಗನ ಕೈಗೆ ಕಾಗದ ಕೊಟ್ಟು ಲೆಕ್ಕ ಹಾಕಿಸಿದೆವು. ಶಿಬಾ ಇನು ಆರಂಭದಲ್ಲಿ ಹತ್ತು ಕೋಟಿ ಕೋಟಿ ನಾಣ್ಯಗಳಾಗಿ ಹುಟ್ಟಿತು. ದೊಡ್ಡದೊಂದು ಭಾಗವನ್ನು 2021ರಲ್ಲಿ ನಾಶಪಡಿಸಿದ ಮೇಲೂ ಉಳಿದದ್ದು ಸುಮಾರು 589 ಲಕ್ಷ ಕೋಟಿ. ಒಂದೊಂದಕ್ಕೂ ಒಂದು ರೂಪಾಯಿ ಬರಬೇಕಾದರೆ ಇಡೀ ರಾಶಿಗೆ 589 ಲಕ್ಷ ಕೋಟಿ ರೂಪಾಯಿ ಬೆಲೆ ಬರಬೇಕು. ಭಾರತ ಸರಕಾರದ 2025-26ರ ಮುಂಗಡಪತ್ರದ ಒಟ್ಟು ವೆಚ್ಚವೇ ಸುಮಾರು 50 ಲಕ್ಷ ಕೋಟಿ. ಅದರ ಹನ್ನೊಂದು ಪಟ್ಟಿಗೂ ಮಿಕ್ಕ ಹಣವನ್ನು ನಾಯಿಯ ಚಿತ್ರದ ನಾಣ್ಯಕ್ಕೆ ಯಾರು ಕೊಟ್ಟಾರು? 2021ರ ಅಕ್ಟೋಬರಿನಲ್ಲಿ ಅದು ಏರಿದ ಅತಿ ಎತ್ತರದ ಬೆಲೆಯೂ ಒಂದು ಪೈಸೆಯನ್ನು ಮುಟ್ಟಲಿಲ್ಲ. ಹುಡುಗನು ಸೊನ್ನೆಗಳನ್ನು ಎರಡು ಸಲ ಎಣಿಸಿ ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡನು.

ಔರಾದ್ ಸೀಮೆಯ ಒಕ್ಕಲಿಗನು ದೇವಣಿ ಎತ್ತನ್ನು ಕೊಳ್ಳುವಾಗ ಹಲ್ಲು ನೋಡುತ್ತಾನೆ, ಗೊರಸು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಮಾರುವವನು ಯಾಕೆ ಮಾರುತ್ತಿದ್ದಾನೆಂದು ಊರಿನಲ್ಲಿ ವಿಚಾರಿಸುತ್ತಾನೆ. ನಾಣ್ಯಕ್ಕೂ ಇಂಥದೇ ಪರೀಕ್ಷೆ ಬೇಕು. ಒಟ್ಟು ಎಷ್ಟಿವೆ, ವರ್ಷಕ್ಕೆ ಎಷ್ಟು ಹೊಸದಾಗಿ ಸೇರುತ್ತವೆ? ಡೋಜ್‌ಕಾಯಿನ್‌ಗೆ ವರ್ಷಕ್ಕೆ 500 ಕೋಟಿ ಸೇರುತ್ತಲೇ ಇರುತ್ತವೆ. ಹುಟ್ಟಿಸಿದವರ ಪಾಲು ಎಷ್ಟು, ಅವರು ಅದನ್ನು ಮಾರಲು ಯಾವ ದಿನದಿಂದ ಸ್ವತಂತ್ರರು? ಆ ದಿನದ ಹಿಂದೆಮುಂದೆ ಪೇಟೆಗೆ ಸರಕು ಸುರಿಯುವುದುಂಟು. ಈಥರ್‌ನಂತೆ ಅದರಿಂದ ನಡೆಯುವ ಕೆಲಸವೇನಾದರೂ ಇದೆಯೇ? ಎಲ್ಲಕ್ಕಿಂತ ಮುಖ್ಯವಾಗಿ, ನಾಳೆ ಮಾರಲು ಹೊರಟರೆ ಕೊಳ್ಳುವವರು ಇರುವರೇ?

ಯಾವಾಗ ಕೊಳ್ಳಬೇಕೆಂಬ ಪ್ರಶ್ನೆಯನ್ನು ನಮಗೆ ಕೇಳಿದವರು ಭಾಲ್ಕಿಯ ಒಬ್ಬ ಹಿರಿಯ ರೈತರು. ತೊಗರಿ ಮಾರಿದ ಹಣ ಅವರ ಕೈಯಲ್ಲಿತ್ತು. "ತೊಗರಿ ಧಾರಣಿ ನೋಡಿ ಮಾರ್ತೀವಿ, ಇದನೂ ಹಂಗೇ ನೋಡಿ ತಗೊಂಡ್ರ ಆಗಲ್ಲೇನ್ರಿ?" ಎಂದರು. ಮಾತು ಸಹಜವೇ. ಎಳ್ಳಮಾವಾಸ್ಯೆಯ ಸುಮಾರಿಗೆ ಹೊಸ ತೊಗರಿ ಗಂಜಿಗೆ ಬಂದಾಗ ಧಾರಣೆ ಇಳಿಯುತ್ತದೆಂದು ಅವರು ಬಲ್ಲರು. ಮಳೆ ಹೋದ ವರ್ಷ ಏರುತ್ತದೆಂದೂ ಬಲ್ಲರು. ಧಾರಣೆ ಎಷ್ಟೇ ಇಳಿದರೂ ಬೇಳೆ ಬೇಯಿಸುವ ಮನೆಗಳು ಇದ್ದೇ ಇವೆ. ನಾಣ್ಯವನ್ನು ಉಣ್ಣುವವರಿಲ್ಲ, ಅದಕ್ಕೆ ಸುಗ್ಗಿಯೂ ಇಲ್ಲ. ಇನ್ನೊಬ್ಬನು ಹೆಚ್ಚು ಕೊಟ್ಟಾನೆಂಬ ನಂಬಿಕೆ ಇರುವವರೆಗೆ ಮಾತ್ರ ಬೆಲೆ. ಸಾಮಾನ್ಯವಾಗಿ ಬಿಟ್‌ಕಾಯಿನ್ ಏರಿದಾಗ ಇವು ಅದರ ಬೆನ್ನಿಗೆ ಏರುತ್ತವೆ, ಅದು ಬಿದ್ದಾಗ ಅದಕ್ಕಿಂತ ಆಳಕ್ಕೆ ಬೀಳುತ್ತವೆ. ಏರಿದ ಸುದ್ದಿ ನಮ್ಮೂರಿನ ಕಟ್ಟೆಗೆ ಬರುವಷ್ಟರಲ್ಲಿ ಮೊದಲು ಕೊಂಡವರು ಮಾರತೊಡಗಿರುತ್ತಾರೆ. ಡೋಜ್‌ಕಾಯಿನ್ 2021ರ ಮೇ ತಿಂಗಳಲ್ಲಿ 70 ಸೆಂಟ್ ದಾಟಿ ಲೋಕವೆಲ್ಲ ಅದರ ಮಾತಾಡಿತು. 2022ರ ಜೂನ್‌ನಲ್ಲಿ ಅದು 7 ಸೆಂಟ್‌ಗಿಂತಲೂ ಕೆಳಗಿತ್ತು.

ಹಾಗಾದರೆ ಬಿದ್ದಾಗ ಕೊಳ್ಳೋಣ ಎನ್ನುವವರು ಲೂನಾ ನಾಣ್ಯದ ಕಥೆ ಕೇಳಬೇಕು. 2022ರ ಏಪ್ರಿಲ್ ಮೊದಲ ವಾರದಲ್ಲಿ ಅದು 119 ಡಾಲರಿನ ಹತ್ತಿರವಿತ್ತು. ಮೇ ತಿಂಗಳಲ್ಲಿ ಕುಸಿಯತೊಡಗಿದಾಗ ಅರ್ಧ ಬೆಲೆಗೆ ಸಿಕ್ಕಿತೆಂದು ಕೊಂಡವರಿದ್ದರು, ಕಾಲು ಬೆಲೆಗೆ ಸಿಕ್ಕಿತೆಂದು ಕೊಂಡವರೂ ಇದ್ದರು. ಕೆಲವೇ ದಿನಗಳಲ್ಲಿ ಅದು ಒಂದು ಸೆಂಟ್‌ಗಿಂತ ಕೆಳಗೆ ಹೋಯಿತು. ತಿಂಗಳು ತಿಂಗಳು ಸಣ್ಣ ಮೊತ್ತದಲ್ಲಿ ಕೊಳ್ಳುವ ಕ್ರಮವೊಂದಿದೆ. ಒಂದೇ ಕೆಟ್ಟ ದಿನ ಎಲ್ಲವನ್ನೂ ತೊಡಗಿಸುವ ಅಪಾಯವನ್ನು ಅದು ತಪ್ಪಿಸುತ್ತದೆ. ಸಾಯುವ ನಾಣ್ಯವನ್ನು ಆರಿಸಿದ್ದರೆ ಮಾತ್ರ ತೂತು ಕೊಡಕ್ಕೆ ತಂಬಿಗೆ ತಂಬಿಗೆ ನೀರು ಹೊಯ್ದಂತೆ.

ದಿನಕ್ಕೊಮ್ಮೆ ಕೊಂಡು ಮಾರುವವರಿಗೆ ತೆರಿಗೆಯ ಪೆಟ್ಟು ಬೇರೆ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಲಾಭಕ್ಕೆ ಶೇಕಡಾ 30 ತೆರಿಗೆ, ಅದರ ಮೇಲೆ ಶೇಕಡಾ 4 ಉಪಕರ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ. ಒಂದರಲ್ಲಿ 20,000 ಗಳಿಸಿ ಇನ್ನೊಂದರಲ್ಲಿ 20,000 ಕಳೆದುಕೊಂಡವನಿಗೆ ಕೈಗೆ ಹತ್ತಿದ್ದು ಸೊನ್ನೆ. ಕಟ್ಟಬೇಕಾದದ್ದು 6,240 ರೂಪಾಯಿ. ಇನ್ನು ನಾಣ್ಯವನ್ನು ಇಟ್ಟ ಪೇಟೆಯೇ ಕಳವಿಗೆ ಗುರಿಯಾಗಬಹುದು. 2024ರ ಜುಲೈ 18ರಂದು ವಜೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಬೆಲೆಯ ನಾಣ್ಯಗಳು ಕಳವಾದವು. ಗ್ರಾಹಕರು ವರ್ಷಕ್ಕೂ ಹೆಚ್ಚು ಕಾಲ ಕಾಯಬೇಕಾಯಿತು.

ಆದ್ದರಿಂದ ಲಗ್ನದ ಹಣ, ಬೀಜಗೊಬ್ಬರದ ಹಣ, ಸಾಲದ ಹಣ ಇವುಗಳಿಗೆ ಈ ಪೇಟೆ ಬೇಡವೆಂದೇ ನಮ್ಮ ಅಭಿಪ್ರಾಯ. ಪೂರ್ತಿ ಹೋದರೂ ಒಲೆ ಆರದಷ್ಟು ಮೊತ್ತವಿದ್ದರೆ, ಅದೂ ಮನೆಯೊಡತಿಯ ಅರಿವಿನಲ್ಲಿ, ತೊಡಗಿಸಬಹುದು. ಅವಶ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದ ಮಾರಯ್ಯನನ್ನು ಲಕ್ಕಮ್ಮ ಹಿಂದಕ್ಕೆ ಕಳುಹಿಸಿದ ಕಲ್ಯಾಣವು ನಮ್ಮ ಜಿಲ್ಲೆಯಲ್ಲಿಯೇ ಇದೆ.

ಔರಾದ್ ತಾಲೂಕಿನ ತಾಯಿಯೊಬ್ಬರು ಎಮ್ಮೆ ಕೊಳ್ಳಲೆಂದು ಸ್ವಸಹಾಯ ಸಂಘದಿಂದ ಸಾಲ ತಂದಿದ್ದರು. ಮಗನು ಅದರಲ್ಲಿ ಅರ್ಧವನ್ನು ಯಾವುದೋ ಟೆಲಿಗ್ರಾಂ ಗುಂಪಿನ ಮಾತು ನಂಬಿ ಹೆಸರು ಕೇಳದ ನಾಣ್ಯಕ್ಕೆ ಹಾಕಿದ್ದನು. "ಇದನ್ನ ಮಾರಿದ್ರ ಎಷ್ಟ್ ಬರ್ತದ ನೋಡ್ರಿ ಅಣ್ಣಾ" ಎಂದು ಅವರು ಮೊಬೈಲನ್ನು ನಮ್ಮ ಕೈಗಿತ್ತರು. ಪರದೆಯ ಮೇಲೆ ಕೊಂಡದ್ದಕ್ಕಿಂತ ಹೆಚ್ಚಿನ ಬೆಲೆಯೇ ಕಾಣುತ್ತಿತ್ತು. ಮಾರಲು ಒತ್ತಿ ನೋಡಿದೆವು. ಕೊಳ್ಳುವವರು ಒಬ್ಬರೂ ಇರಲಿಲ್ಲ. ಗ್ವಾದಲಿ ಬರಿದಾಗಿತ್ತು, ಸಂಘದ ಕಂತು ಸೋಮವಾರಕ್ಕೆ ಬರುವುದಿತ್ತು.