ಬೋರ್‌ವೆಲ್ ನೀರೂ ತರಗತಿಯ ಪರದೆಯೂ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳು ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ಸೀಮೆಯ, ಅದರಲ್ಲೂ ಪಾವಗಡದ, ಎಷ್ಟೋ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಮಿತಿ ಮೀರಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ಮಕ್ಕಳು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಪ್ರಮಾಣ ಇನ್ನೂ ಏರಿದರೆ ಕಾಲಾಂತರದಲ್ಲಿ ಮೂಳೆ, ಕೀಲುಗಳೂ ಬಿಗಿಯುತ್ತವೆ. ಆ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ನೀರು ಆವಿಯಾಗಿ ಫ್ಲೋರೈಡ್ ಉಳಿದುಬಿಡುತ್ತದೆ, ಸಾಂದ್ರತೆ ಹೆಚ್ಚುತ್ತದೆ. ಬಂಡೆಯ ಖನಿಜದಿಂದ ಬಿಡುಗಡೆಯಾದ ಅಯಾನು ನೀರಿನ ಅಣುಗಳ ನಡುವೆ ಹೇಗಿರುತ್ತದೆ, ಕ್ಯಾಲ್ಸಿಯಂ ಕಡಿಮೆಯಿರುವ ನೀರಿನಲ್ಲಿ ಅದೇಕೆ ಹೆಚ್ಚು ಉಳಿಯುತ್ತದೆ ಎಂಬುದನ್ನು ಯಾವ ಪ್ರನಾಳವೂ ಕಣ್ಣಿಗೆ ತೋರಿಸದು. ರಸಾಯನಶಾಸ್ತ್ರದ ತರಗತಿಯಲ್ಲಿ ಸಿಮ್ಯುಲೇಶನ್‌ಗೆ ಜಾಗವಿರುವುದು ಇಲ್ಲಿ, ಪ್ರಯೋಗ ನಿಲ್ಲುವ ಕಡೆ.

ಕಾಣುವ ವಸ್ತು, ಕಾಣದ ಕಣ, ಬರೆಯುವ ಸೂತ್ರ: ರಸಾಯನಶಾಸ್ತ್ರ ಈ ಮೂರು ನೆಲೆಗಳಲ್ಲಿ ಒಟ್ಟಿಗೆ ನಡೆಯುತ್ತದೆಂದು ಗ್ಲಾಸ್ಗೋದ ಅಲೆಕ್ಸ್ ಜಾನ್‌ಸ್ಟೋನ್ ಹೇಳಿದ್ದರು. ನಮ್ಮ ಪಾಠಗಳು ಮೊದಲನೆಯದರಿಂದ ನೇರ ಮೂರನೆಯದಕ್ಕೆ ಹಾರುತ್ತವೆ. ಅನಿಲ ನಿಯಮದ ಲೆಕ್ಕವನ್ನು ಸರಿಯಾಗಿ ಬಿಡಿಸಿದ ಅನೇಕ ವಿದ್ಯಾರ್ಥಿಗಳು ಅದೇ ಅನಿಲದ ಕಣಗಳ ಸರಿಯಾದ ಚಿತ್ರವನ್ನು ಆರಿಸಲಾರದೆ ಹೋದದ್ದನ್ನು ಅಮೆರಿಕದಲ್ಲಿ ನರೆನ್‌ಬರ್ನ್ ಮತ್ತು ಪಿಕರಿಂಗ್ 1987ರಲ್ಲೇ ತೋರಿಸಿದರು. ಕಣಗಳ ಚಲನೆಯ ಅನಿಮೇಶನ್ ನೋಡಿದ ಕಾಲೇಜು ವಿದ್ಯಾರ್ಥಿಗಳ ಕಣ ಕಲ್ಪನೆ ಉಳಿದವರಿಗಿಂತ ಉತ್ತಮವಾಗಿತ್ತೆಂದು 1995ರಲ್ಲಿ ವಿಲಿಯಮ್‌ಸನ್ ಮತ್ತು ಅಬ್ರಹಾಂ ವರದಿ ಮಾಡಿದರು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಆರಂಭಿಸಿದ ಫೆಟ್ ಯೋಜನೆಯ ಸಿಮ್ಯುಲೇಶನ್‌ಗಳಲ್ಲಿ ಮಕ್ಕಳು ನೋಡುವುದಷ್ಟೇ ಅಲ್ಲ, ಪ್ರೋಟಾನು ಸೇರಿಸಿ ಧಾತುವನ್ನೇ ಬದಲಿಸಬಹುದು, ಸಮೀಕರಣವನ್ನು ಅಣುಗಳನ್ನೆಣಿಸಿ ಸರಿದೂಗಿಸಬಹುದು. ಅವು ಉಚಿತ, ಕೆಲವು ಕನ್ನಡದಲ್ಲೂ ಇವೆ.

ಪ್ರಯೋಗಾಲಯವಿಲ್ಲದ ಕೊರತೆಯನ್ನು ಪರದೆಯಿಂದ ಮುಚ್ಚಿಬಿಡುತ್ತಾರೆ ಎಂಬ ಆತಂಕ ನ್ಯಾಯವಾದದ್ದು. ಸುಟ್ಟ ಸುಣ್ಣಕ್ಕೆ ನೀರು ಹಾಕಿದಾಗ ಏಳುವ ಬಿಸಿಯನ್ನು ಯಾವ ಕಂಪ್ಯೂಟರೂ ಕೊಡಲಾರದು. ಅರಿಶಿನದ ಕಾಗದ ಸೋಪಿನ ನೀರಿಗೆ ಕೆಂಪಾಗುವುದನ್ನು ಮಗು ಕೈಯಾರೆ ಮಾಡಿ ನೋಡಲೇಬೇಕು. ಪ್ರಯೋಗಾಲಯದ ಅನುದಾನ ತಪ್ಪಿಸಲು ಸಿಮ್ಯುಲೇಶನ್ ನೆಪವಾಗಕೂಡದು. ಇಂಟರ್ನೆಟ್ಟಿನ ಅಡ್ಡಿ ಅಷ್ಟು ದೊಡ್ಡದಲ್ಲ, ಮೊದಲೇ ಇಳಿಸಿಕೊಂಡರೆ ಒಂದು ಲ್ಯಾಪ್‌ಟಾಪು, ಒಂದು ಪ್ರೊಜೆಕ್ಟರು ಸಾಕು. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ: ಪರದೆಯ ಮೇಲಿನ ಬಣ್ಣದ ಗುಂಡುಗಳೇ ನಿಜವಾದ ಪರಮಾಣುಗಳೆಂದು ಮಕ್ಕಳು ನಂಬಿಬಿಡಬಹುದು, ಸಿನಿಮಾ ನೋಡಿದಂತೆ ನೋಡಿ ಎದ್ದುಹೋಗಬಹುದು. ಹಾಗಾಗದಂತೆ, ಗುಂಡಿ ಒತ್ತುವ ಮುನ್ನ ಏನಾಗಬಹುದೆಂದು ಪ್ರತಿ ಮಗುವೂ ನೋಟ್‌ಬುಕ್ಕಿನಲ್ಲಿ ಚಿತ್ರ ಬರೆದಿಡಲಿ, ನೋಡಿದ ಮೇಲೆ ತಿದ್ದಲಿ, ಈ ಮಾದರಿಯಲ್ಲಿ ಯಾವುದನ್ನು ಬಿಟ್ಟಿದ್ದಾರೆಂದು ಚರ್ಚಿಸಲಿ. ಉಪಕರಣ ಕೊಳ್ಳುವುದಕ್ಕಿಂತ ಶಿಕ್ಷಕರಿಗೆ ಈ ಬಗೆಯ ತರಬೇತಿ ಕೊಡುವುದೇ ಮುಖ್ಯ ಎಂಬುದು ನನ್ನ ಖಚಿತ ಅಭಿಪ್ರಾಯ.

ಗ್ರಾಮ ಪಂಚಾಯಿತಿಗಳಿಗೆ ಕೊಟ್ಟಿರುವ ನೀರು ಪರೀಕ್ಷೆಯ ಕಿಟ್‌ನಲ್ಲಿ ಫ್ಲೋರೈಡ್ ಪತ್ತೆಮಾಡಬಹುದು. ವಿಜ್ಞಾನ ಶಿಕ್ಷಕರು ಅದನ್ನೊಮ್ಮೆ ಶಾಲೆಗೆ ತರಿಸಿ, ಊರಿನ ಬೋರ್‌ವೆಲ್ ನೀರನ್ನು ಮಕ್ಕಳ ಕೈಯಲ್ಲೇ ಪರೀಕ್ಷಿಸಿ, ಅದೇ ಪಿರಿಯಡ್ಡಿನಲ್ಲಿ ಪರದೆಯ ಮೇಲೆ ಅಯಾನುಗಳನ್ನು ತೋರಿಸಲಿ.